ಭೀಮೆಯ ನೀರಿಗೂ ಸಿಗದ ಮದುವೆಗಳು

ಸೊನ್ನದ ಬ್ಯಾರೇಜಿನ ಕಡೆಯಿಂದ ತಣ್ಣನೆ ಗಾಳಿ ಬರುತ್ತಿದೆ. ಊರಿನಲ್ಲಿ ಇನ್ನೂ ಚಹಾದಂಗಡಿಯಷ್ಟೇ ತೆರೆದಿದೆ. ಅದರ ಪಕ್ಕದ ಫೋಟೊ ಸ್ಟುಡಿಯೋದಲ್ಲಿ, ಅರ್ಧ ಎತ್ತಿದ ಶಟರಿನ ಒಳಗೆ, ಮುಮತಾಜ ಬೇಗಂ ಒಂದು ಹಾರ್ಡ್ ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುತ್ತಾರೆ. ಡಿಸ್ಕನ್ನು ಅಲುಗಿಸುವುದಿಲ್ಲ, ತಾವೇ ಬಾಗಿ ಕಿವಿಗೊಡುತ್ತಾರೆ. ತಿರುಗುವ ಸದ್ದು ಸಮನಾಗಿದೆ. ಆಮೇಲೆ ಯಾವುದೋ ಹಳೆಯ ಮದುವೆಯ ವಿಡಿಯೊ ತೆರೆದು, ಅಕ್ಷತೆ ಬೀಳುವವರೆಗೂ ನೋಡುತ್ತಾರೆ.

"ಫೈಲಿನ ಹೆಸರು ಕಂಡ್ರ ಸಾಲಂಗಿಲ್ರಿ, ತೆಗದು ನೋಡ್ಬೇಕು. ಒಮ್ಮೊಮ್ಮೆ ಹೆಸರು ಇರ್ತದ, ಒಳಗ ಏನೂ ಇರಂಗಿಲ್ಲ" ಎನ್ನುತ್ತಾರೆ.

ಕ್ಯಾಮೆರಾ ಹಿಡಿಯುವ ಗಂಡ ಸಿಕಂದರ ಅವರನ್ನು ಅಫಜಲಪುರ ತಾಲ್ಲೂಕಿನ ಮದುವೆ ಮನೆಗಳೆಲ್ಲ ಬಲ್ಲವು. ಅವರು ತೆಗೆದದ್ದನ್ನು ಹಿಂದಿನ ಕೋಣೆಯಲ್ಲಿ ಕೂತು ಜೋಡಿಸಿ, ಒಪ್ಪವಾಗಿಸಿ, ಕಾಪಿಡುವವರು ಮುಮತಾಜ. ಖಜೂರಿಯಲ್ಲಿ ಹುಟ್ಟಿದ ಅವರು ಆಳಂದದ ಅಕ್ಕ ಬಾನುಬಿಯ ಮನೆಯಲ್ಲಿದ್ದು ಕಂಪ್ಯೂಟರ್ ಕಲಿತವರು.

ಮೊದಲೆಲ್ಲ ಸ್ಟುಡಿಯೋದ ಹಳೆಯ ಕೆಲಸವನ್ನು ಡಿವಿಡಿಗೆ ಹಾಕಿ ಕಪಾಟಿನಲ್ಲಿಡುತ್ತಿದ್ದರು. ಒಂದು ದಿನ ಮಲ್ಕಮ್ಮ ಎಂಬವರು ಮಗಳ ಮದುವೆಯ ವಿಡಿಯೊ ಕೇಳಿಕೊಂಡು ಬಂದರು. ನಮ್ಮ ಬಿಸಿಲಿಗೆ ಡಿವಿಡಿಯ ಮೇಲಿನ ಬೆಳ್ಳಿ ಪದರ ಎದ್ದುಹೋಗಿತ್ತು. ಎಷ್ಟು ಸಲ ಹಾಕಿದರೂ ಓಡಲಿಲ್ಲ. "ಆಕಿ ಒಂದ ಮಾತೂ ಬೈಲಿಲ್ರಿ, ಸುಮ್ನ ಎದ್ದು ಹೋದಳು. ಬೈದಿದ್ರ ಛಲೋ ಇತ್ತು" ಎಂದು ಮುಮತಾಜ ನೆನೆಯುತ್ತಾರೆ.

ಆ ಕೊರಗೇ ಅವರನ್ನು ಹುಡುಕಾಟಕ್ಕೆ ಹಚ್ಚಿತು. ಪೆನ್‌ಡ್ರೈವ್ ನಂಬಿ ನೋಡಿದರು. ಬಳಸದೆ ಇಟ್ಟದ್ದೊಂದು ಖಾಲಿಯಾಗಿ ಕೂತಿತ್ತು. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕ್ ಬಲು ಚುರುಕು, ಆದರೆ ಕರೆಂಟ್ ಇಲ್ಲದೆ ವರ್ಷಗಟ್ಟಲೆ ಇಡಲು ತಕ್ಕದ್ದಲ್ಲ ಎಂದು ಓದಿ ತಿಳಿದರು. ಅಂತರ್ಜಾಲಕ್ಕೆ ಏರಿಸೋಣವೆಂದರೆ ಒಂದೇ ಮದುವೆಗೆ ಊರಿನ ನೆಟ್‌ವರ್ಕ್ ಸುಸ್ತಾಗುತ್ತಿತ್ತು. ಕೊನೆಗೆ ಬೇರೆ ಬೇರೆ ಕಂಪನಿಯ ಎರಡು ಹಾರ್ಡ್ ಡಿಸ್ಕ್ ತಂದರು. ಎರಡಕ್ಕೂ ಅದದೇ ಕೆಲಸ ತುಂಬಿಸಿ, ಒಂದನ್ನು ಅಂಗಡಿಯಲ್ಲಿ, ಇನ್ನೊಂದನ್ನು ಅಕ್ಕನ ಮನೆಯಲ್ಲಿ ಇಟ್ಟರು. ಹೊಸ ಕೆಲಸ ಸೇರಿದಾಗಲೆಲ್ಲ ಅದನ್ನು ನಕಲು ಮಾಡಲು ಆಳಂದಕ್ಕೆ ಬಸ್ ಹತ್ತುತ್ತಿದ್ದರು.

"ನಾ ನಗತಿದ್ದೆ ನೋಡ್ರಿ. ಡಿಸ್ಕಿನ ನೆವ ಮಾಡಿ ಅಕ್ಕನ ಮನಿಗಿ ಹೋಗ್ತಾಳ ಅಂತಿದ್ದೆ" ಎಂದು ಸಿಕಂದರ ತಲೆ ಕೆರೆದುಕೊಳ್ಳುತ್ತಾರೆ.

ನಗು ನಿಂತದ್ದು ಭೀಮೆ ಉಕ್ಕಿದ ವರ್ಷ. ಉಟ್ಟ ಬಟ್ಟೆಯಲ್ಲೇ ಜನ ಎತ್ತರದ ಶಾಲೆಯ ಕಾಳಜಿ ಕೇಂದ್ರ ಸೇರಿದರು. ನೀರು ಇಳಿದ ಮೇಲೆ ಶಟರ್ ಎತ್ತಿದರೆ ಕಂಪ್ಯೂಟರ್, ಡಿಸ್ಕ್, ಎಲ್ಲದರೊಳಗೂ ರಾಡಿ. ಮನೆ ಮನೆಯ ಆಲ್ಬಂಗಳು ಅಂಟಿಕೊಂಡು ಮುದ್ದೆಯಾಗಿದ್ದವು. ಸಿಕಂದರ ಹೊಸ್ತಿಲ ಮೇಲೆ ಕುಸಿದು ಕೂತರು. ಮುಮತಾಜ ಕಾಲು ತೊಳೆದುಕೊಂಡು ಆಳಂದದ ದಾರಿ ಹಿಡಿದರು.

ಬಾನುಬಿ ಕಪಾಟಿನ ಸೀರೆಗಳ ನಡುವಿನಿಂದ ಡಿಸ್ಕ್ ತೆಗೆದುಕೊಟ್ಟರು. ಮುಮತಾಜ ಅದನ್ನು ಮನೆಯ ಲ್ಯಾಪ್‌ಟಾಪಿಗೆ ಜೋಡಿಸಿದರು. ಮೊದಲ ಫೈಲು ತೆರೆಯಿತು. ಎರಡನೆಯದೂ ತೆರೆಯಿತು. ಮೂರನೆಯದರಲ್ಲಿ ಮದುಮಗ ಬಾಸಿಂಗ ಸರಿಮಾಡಿಕೊಂಡು ನಕ್ಕಾಗ ಅಕ್ಕತಂಗಿಯರೂ ಅಳುತ್ತಲೇ ನಕ್ಕರು. ಅವರು ತುಂಬಿಸಿಟ್ಟ ಅಷ್ಟೂ ಮದುವೆಗಳು ಅಲ್ಲಿದ್ದವು.

ಮರುದಿನ ಸಂಜೆ ಶಾಲೆಯ ಗೋಡೆಗೆ ಬಿಳಿ ಚಾದರ ಕಟ್ಟಿ, ಪರಿಚಯದವರಿಂದ ತಂದ ಪ್ರೊಜೆಕ್ಟರ್ ಹಚ್ಚಿದರು. ಅನ್ನದ ತಟ್ಟೆ ಹಿಡಿದು ಮಂಕಾಗಿ ಕೂತಿದ್ದ ಜನ ಒಬ್ಬೊಬ್ಬರಾಗಿ ತಲೆ ಎತ್ತಿದರು. ಹಲಗೆಯ ಬಡಿತಕ್ಕೆ ಒಬ್ಬ ಗಂಡಸು ಟವಲ್ ತಿರುಗಿಸುತ್ತ ಕುಣಿಯುತ್ತಿದ್ದ. ಹಿಂದಿನಿಂದ ನಿಂಬೆವ್ವ ಎಂಬ ಅಜ್ಜಿ ಎದ್ದು ನಿಂತರು. "ಯವ್ವಾ, ನಮ್ಮ ಪೀರಪ್ಪ! ನನ್ ಗಂಡ! ಸತ್ತಾಂವ ಹೆಂಗ ಕುಣ್ಯಾಕತ್ತಾನ ನೋಡ್ರೇ!" ನಿಂಬೆವ್ವ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ಆಮೇಲೆ ಇಡೀ ಶಾಲೆ ಚಪ್ಪಾಳೆ ತಟ್ಟಿತು. "ಮತ್ತ ಹಚ್ರಿ, ಮತ್ತ ಹಚ್ರಿ!"

"ಅವತ್ತು ನೀರು ಸೋತಿತ್ರಿ" ಎನ್ನುವಾಗ ಮುಮತಾಜ ಅವರ ದನಿ ಏರುತ್ತದೆ. ಹುಡುಕಿದಾಗ ಆ ಡಿಸ್ಕಿನಲ್ಲಿ ಮಲ್ಕಮ್ಮನ ಮಗಳ ಮದುವೆ ಸಿಗಲಿಲ್ಲ. ಆದರೆ ಆ ಮಗಳ ತಂಗಿಯ ಮದುವೆ ಸಿಕ್ಕಿತು. ಅದರಲ್ಲಿ ಅಕ್ಕ ಆರತಿ ಹಿಡಿದು ನಿಂತಿದ್ದಳು. ಆ ಚಿತ್ರವನ್ನು ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿ ತಾವೇ ಒಯ್ದು ಕೊಟ್ಟರು.

ಮುಂದೆ ಜೇವರ್ಗಿಯಲ್ಲಿ ನಡೆದ ಛಾಯಾಗ್ರಾಹಕರ ಸಭೆಯಲ್ಲಿ, ಮದುವೆಗಳನ್ನು ಉಳಿಸಿದ್ದಕ್ಕೆ ಸನ್ಮಾನವೆಂದು ಸಿಕಂದರ ಅವರ ಹೆಸರು ಕರೆದು ಶಾಲು ಎತ್ತಿದರು. ಅವರು ವೇದಿಕೆ ಹತ್ತಿ, "ಇದು ನಂದಲ್ರಿ" ಎಂದು ಕೆಳಗಿಳಿದು, ಹೆಂಡತಿಯ ಕೈಹಿಡಿದು ಕರೆದೊಯ್ದರು. ಸಭೆ ಎದ್ದು ನಿಂತಿತು. ಈಗ ಜೇವರ್ಗಿಯ ಸ್ಟುಡಿಯೋದವರೊಬ್ಬರ ಡಿಸ್ಕ್ ಇವರ ಬಳಿ ಇದೆ, ಇವರದು ಅವರ ಬಳಿ. ಯಾವುದನ್ನು ಕೊಳ್ಳಬೇಕು, ಎಷ್ಟು ವರ್ಷಕ್ಕೆ ಬದಲಿಸಬೇಕು ಎಂದು ಸುತ್ತಲಿನ ಸ್ಟುಡಿಯೋಗಳು ಕೇಳುವುದು ಮುಮತಾಜ ಅವರನ್ನೇ.

ನಾವು ಮಾತಾಡುತ್ತಿರುವಾಗಲೇ ಗಿರಾಕಿಯೊಬ್ಬರು ಬರುತ್ತಾರೆ. ಹೆಸರು ಜಗದೇವ, ದೂರದ ಹಿರೋಳ್ಳಿಯವರು, ಮಗಳ ಮದುವೆಯಿದೆ. ಆಲ್ಬಂ ಮಾದರಿ ತೋರಿಸಲು ಹೋದ ಸಿಕಂದರ ಅವರನ್ನು ತಡೆದು, ಮುಮತಾಜ ಅವರತ್ತ ತಿರುಗುತ್ತಾರೆ. "ಫೋಟೊ ಯಾರರ ಹೊಡೀಲ್ರಿ ಅಕ್ಕೋರ, ಇಟ್ಟಗೊಳ್ಳೋರು ಮಾತ್ರ ನೀವ ಆಗ್ಬೇಕು."

ಮುಮತಾಜ ಸೆರಗು ಸರಿಮಾಡಿಕೊಂಡು ನಗುತ್ತಾರೆ. "ಇಡ್ತೇನ್ರಿ. ನಿಮ್ಮ ಮಗಳ ಮಕ್ಕಳು ಬಂದು ಕೇಳಿದ್ರೂ ಹಚ್ಚಿ ತೋರಸ್ತೇನಿ."