ಬಳ್ಳಿ ಮಾಮ ತಡವಾಗಿ ಬರುವ ಬೆಳಿಗ್ಗೆಗಳು

ಬೆಳಗಿನ ಆರೂವರೆ. ಹನ್ನೊಂದು ಮನೆಗಳ ಕಲ್ಲಂಗಡಿ ಬಳ್ಳಿಯಲ್ಲಿ ಕಾಯಿ ಕಚ್ಚಿಸಿದ ಮನುಷ್ಯ ಸ್ವಂತ ಹಿತ್ತಿಲಲ್ಲಿ ಕೈಕಟ್ಟಿಕೊಂಡು ನಿಂತಿದ್ದಾರೆ. ಎದುರಿಗೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಕುರ್ಚಿಯಲ್ಲಿ ಅವರ ಹೆಂಡತಿ. ಎಡಗೈಯ ಎರಡು ಬೆರಳಲ್ಲಿ ಗಂಡು ಹೂವೊಂದನ್ನು ಹಿಡಿದು, ಗೋಡೆಯ ಬಲೆಗೆ ಹಬ್ಬಿದ ಬಳ್ಳಿಯ ಹೆಣ್ಣು ಹೂವಿಗೆ ಮುಟ್ಟಿಸಲು ಹೆಣಗುತ್ತಿದ್ದಾರೆ. ಹೂವು ಜಾರಿ ಮಣ್ಣಿಗೆ ಬೀಳುತ್ತದೆ.

"ಸಾಕು, ನೀವೇ ಮಾಡಿ. ಹೇಗಿದ್ರೂ ಕೊನೆಗೆ ಮಾಡೋರು ನೀವೇ ತಾನೇ?" ಎನ್ನುತ್ತಾರೆ ಆಕೆ. ಗಂಡ ಇನ್ನೊಂದು ಗಂಡು ಹೂವು ಕಿತ್ತು, ಎಸಳು ಬಿಡಿಸಿ, ಆಕೆಯ ಕೈಗೆ ಕೊಟ್ಟು ಮತ್ತೆ ಕೈಕಟ್ಟಿ ನಿಲ್ಲುತ್ತಾರೆ.

ಗಿರಾಕಿಗಳ ಮನೆಯ ಮಕ್ಕಳು ಇವರನ್ನು ಬಳ್ಳಿ ಮಾಮ ಎಂದೇ ಕರೆಯುವುದು. ಸುತ್ತ ಕಾಂಪೌಂಡು, ನೆಲಕ್ಕೆಲ್ಲ ಟೈಲ್ಸು ಹಾಕಿಸಿಕೊಂಡ ಬೀದಿಗಳಿವು. ಜೇನ್ನೊಣ ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಹಾಗಾಗಿ ಆ ಕೆಲಸ ಬಳ್ಳಿ ಮಾಮನ ಪಾಲಿಗೆ ಬಂದಿದೆ. ಸೈಕಲ್ಲೇರಿ ಮನೆಯಿಂದ ಮನೆಗೆ ಹೋಗುತ್ತಾರೆ. ಗಂಡು ಹೂವನ್ನು ಹೆಣ್ಣು ಹೂವಿಗೆ ಮುಟ್ಟಿಸಿ, ತೊಟ್ಟಿಗೆ ನೀಲಿ ದಾರ ಕಟ್ಟಿ, ಗೋಡೆಯ ಕ್ಯಾಲೆಂಡರಿನಲ್ಲಿ ಹಣ್ಣು ಕೊಯ್ಯಬೇಕಾದ ಮೂವತ್ತೈದನೇ ದಿನಕ್ಕೊಂದು ಸುತ್ತು ಹಾಕಿ ಬರುತ್ತಾರೆ. ಒಂದು ಬೆಳಿಗ್ಗೆಗೆ ಮೂವತ್ತು, ನಲವತ್ತು ಹೂವು. ಬಿಸಿಲೇರುವ ಮೊದಲೇ ಎಲ್ಲ ಮುಗಿಯಬೇಕು.

"ಒಂಬತ್ತೂವರೆ ದಾಟಿದ್ರೆ ಹೂವು ಮುಖ ಮುಚ್ಕೊಳ್ಳುತ್ತೆ. ಆಮೇಲೆ ತಲೆ ಕೆಳಗೆ ಮಾಡಿದ್ರೂ ಕಾಯಿ ಇಲ್ಲ" ಎನ್ನುತ್ತಾರೆ. ಹಣ್ಣು ಕೊಯ್ಯುವ ದಿನ ಯಾರೂ ಇವರನ್ನು ಕರೆಯುವುದಿಲ್ಲ. ಅದರ ಬಗ್ಗೆ ಇವರಿಗೆ ಬೇಸರವೂ ಇಲ್ಲ. ಬೇಸರವಿರುವುದು ಬೇರೆಯದಕ್ಕೆ.

ಇಪ್ಪತ್ತೆರಡು ವರ್ಷ ಇವರು ಮನೆಗೆ ಮರಳುತ್ತಿದ್ದದ್ದು ಹತ್ತು ಗಂಟೆಗೆ. ಅಷ್ಟು ಹೊತ್ತಿಗೆ ಸ್ವಂತ ಹಿತ್ತಿಲ ಹೂವೆಲ್ಲ ಮುದುಡಿರುತ್ತಿತ್ತು. "ಒಂದು ದಿನ ನಮ್ಮದನ್ನ ಮೊದಲು ಮಾಡಿ ಹೋಗ್ಬಾರ್ದಾ?" ಎಂದು ಹೆಂಡತಿ ಕೇಳುತ್ತಲೇ ಇದ್ದರು. ನಾಳೆ, ನಾಡಿದ್ದು ಎನ್ನುತ್ತ ಇವರು ಕಾಲ ತಳ್ಳಿದರು. ಕೇಳಿ ಕೇಳಿ ಸಾಕಾಗಿ ಒಂದು ಬೇಸಿಗೆ ಆಕೆ ತಾವೇ ಕೈ ಹಾಕಿದರು. ದಿನಾ ಬೆಳಿಗ್ಗೆ ಎದ್ದು, ಒಂದು ತಿಂಗಳು, ಒಂದೂ ದಿನ ತಪ್ಪದೆ, ಗಂಡು ಹೂವನ್ನು ಇನ್ನೊಂದು ಗಂಡು ಹೂವಿಗೆ ತಿಕ್ಕಿದರು. ಹೆಣ್ಣು ಹೂವಿನ ಬುಡದಲ್ಲಿ ಬಟಾಣಿ ಗಾತ್ರದ ಮಿಡಿ ಇರುತ್ತದೆ, ಅದನ್ನು ನೋಡಿ ಗುರುತು ಹಿಡಿಯಬೇಕು ಎಂದು ಇವರು ಹೇಳಿಕೊಟ್ಟೇ ಇರಲಿಲ್ಲ.

ಗೊತ್ತಾದ ದಿನ ಬಳ್ಳಿ ಮಾಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಹನ್ನೊಂದು ಮನೆಯಲ್ಲೂ ಉಪ್ಪು ಖಾರ ಹಚ್ಚಿ ಹೇಳಿದರು. ವಾರ ಕಳೆಯುವುದರೊಳಗೆ ತರಕಾರಿ ಅಂಗಡಿಯಲ್ಲಿ ಯಾರೋ, "ಏನಕ್ಕಾ, ಈ ಸಲ ಎಷ್ಟು ಕಾಯಿ?" ಎಂದು ಆಕೆಯನ್ನೇ ಕೇಳಿ ನಕ್ಕರು. ಅವತ್ತಿನಿಂದ ಆಕೆ ಬಳ್ಳಿಯ ತಂಟೆಗೆ ಹೋಗಲಿಲ್ಲ.

"ಎಂಥ ಬುದ್ಧಿಗೇಡಿ ನಾನು! ಹೇಳ್ಕೊಡೋಕೆ ಎರಡು ನಿಮಿಷ ಸಾಕಿತ್ತು" ಎನ್ನುವಾಗ ಈ ಮನುಷ್ಯ ಎತ್ತಲೋ ನೋಡುತ್ತಾರೆ.

ಎರಡು ವರ್ಷದ ಹಿಂದೆ ಹೆಂಡತಿಯ ಬಲಗೈ ಸ್ವಾಧೀನ ತಪ್ಪಿತು. ಈ ಬೇಸಿಗೆಯಲ್ಲಿ ಬಳ್ಳಿ ಮಾಮ ಎಲ್ಲ ಮನೆಗೂ ಹೋಗಿ, ಇನ್ನು ಮೇಲೆ ಒಂದು ಗಂಟೆ ತಡವಾಗುತ್ತದೆ ಎಂದು ಹೇಳಿ ಬಂದರು. ಎರಡು ಮನೆಯವರು ಬೇಡವೇ ಬೇಡ ಎಂದುಬಿಟ್ಟರು. ಹೋದರೆ ಹೋಗಲಿ ಎಂದು ಇವರು ಹೆಂಡತಿಯ ಮುಂದೆ ಹೂವು ಹಿಡಿದು ನಿಂತರು.

ಆಕೆ ಎಡಗೈಯಲ್ಲಿ ಮುಟ್ಟಿಸಿದ ಮೊದಲ ನಾಲ್ಕು ಮಿಡಿಗಳು ಹಳದಿಯಾಗಿ ಉದುರಿದವು. ಐದನೆಯದು ಕಚ್ಚಿತು. ಈಗ ಅದು ತೆಂಗಿನಕಾಯಿಯಷ್ಟಿದೆ, ಹಳೆಯ ಟವೆಲಿನ ಜೋಲಿಯಲ್ಲಿ ನೇತಾಡುತ್ತಿದೆ. ತೊಟ್ಟಿಗೆ ಕೆಂಪು ದಾರ.

ಆದರೆ ಆಕೆ ನಂಬುತ್ತಿಲ್ಲ. "ನಾನು ಒಳಗೆ ಹೋದ್ಮೇಲೆ ಇವರೇ ಮುಟ್ಟಿಸಿರ್ತಾರೆ. ಇವರ ಕೈಗುಣ ಊರಿಗೇ ಗೊತ್ತಲ್ಲ. ನನ್ನದು ಎಂಥದು ಅನ್ನೋದೂ ಇವರೇ ಊರಿಗೆ ಹೇಳಿದ್ದಾರೆ" ಎನ್ನುತ್ತಾರೆ ಆಕೆ, ನಗದೆ.

"ಆಣೆಗೂ ಮುಟ್ಟಿಲ್ಲ ಕಣೇ" ಎನ್ನುತ್ತಾರೆ ಗಂಡ. ಆಕೆ ಟವೆಲಿನ ಗಂಟು ಸರಿಮಾಡುತ್ತಾರೆ.

ಬಳ್ಳಿ ಬುಡದಿಂದ ಒಣಗುತ್ತ ಬಂದಿದೆ. ಉಳಿದಿರುವುದು ಒಂದೇ ಹೆಣ್ಣು ಮೊಗ್ಗು, ಅದೂ ನಾಳೆ ಅರಳುತ್ತದೆ. ಕುರ್ಚಿಯನ್ನು ಆ ಮೊಗ್ಗಿನ ಹತ್ತಿರಕ್ಕೆ ಎಳೆದಿಟ್ಟು, ಕೆಂಪು ದಾರದ ಉಂಡೆಯನ್ನು ಒಗೆಯುವ ಕಲ್ಲಿನ ಮೇಲಿಟ್ಟು, ಬಳ್ಳಿ ಮಾಮ ಸೈಕಲ್ಲು ಹೊರಗೆ ತರುತ್ತಾರೆ. ನಾಳೆ ಹೂವು ಅರಳುವ ಮೊದಲೇ ಮನೆ ಬಿಡುತ್ತಾರಂತೆ, ಹತ್ತು ಗಂಟೆಯವರೆಗೆ ಬರುವುದಿಲ್ಲವಂತೆ.

"ನಾನು ಎದುರಿಗಿದ್ರೆ ಅವಳು ಯಾವತ್ತೂ ನಂಬಲ್ಲ. ನಾನಿಲ್ಲದಾಗ ಒಂದು ಕಾಯಿ ಕಚ್ಚಲಿ, ಅಷ್ಟು ಸಾಕು" ಎನ್ನುತ್ತಾರೆ. ಪೆಡಲ್ ಮೇಲೆ ಕಾಲಿಟ್ಟು ಮತ್ತೆ ಇಳಿಸುತ್ತಾರೆ. "ಅವತ್ತು ಹನ್ನೊಂದು ಮನೆಯಲ್ಲಿ ಹೇಳ್ಕೊಂಡು ನಕ್ಕಿದ್ದೆ. ಇದು ಕಚ್ಚಿದ್ರೆ ಹನ್ನೊಂದು ಮನೆಗೂ ಹೋಗಿ ಹೇಳ್ತೀನಿ. ನನ್ನನ್ನ ಬಿಟ್ಟ ಆ ಎರಡು ಮನೆಗೂ."