ಎರಡನೆಯ ಭಾಗ ಇತ್ತು

ಹೆಮ್ಮಾಡಿಯ ಪ್ರಭಾವತಿಯವರನ್ನು ಒಂದು ಮಗುವಿನ ಚಿಂತೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಾಡಿತು. ಮಗು ಅವರದ್ದಲ್ಲ, ನೆಂಟರಿಷ್ಟರದ್ದೂ ಅಲ್ಲ. ಒಂದು ಕಾದಂಬರಿಯೊಳಗಿನದು.

‘ಗಂಗುವಿನ ಕಡವು’ ಎಂದು ಆ ಕಾದಂಬರಿಯ ಹೆಸರು. ರಕ್ಷಾಪುಟ ಹರಿದುಹೋಗಿತ್ತಾದ್ದರಿಂದ ಬರೆದವರು ಯಾರೆಂದು ತಿಳಿಯುವ ಹಾಗಿರಲಿಲ್ಲ. ಕೊನೆಯ ಪುಟದಲ್ಲಿ ಗಂಗು, ಮೈ ಕೆಂಡವಾಗಿ ಸುಡುವ ಒಂದು ವರ್ಷದ ಹೆಣ್ಣುಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು, ಹೊಳೆ ದಾಟುವ ಕಡವಿನಲ್ಲಿ ನಿಂತಿದ್ದಾಳೆ. ದೋಣಿ ಆಚೆ ದಡದಲ್ಲಿ. ವೈದ್ಯರ ಮನೆಯೂ ಆಚೆ ದಡದಲ್ಲೇ. ಕೂಗಿ ಕೂಗಿ ಅವಳ ಗಂಟಲು ಕಟ್ಟಿದೆ, ಅಂಬಿಗ ಓಗೊಡುತ್ತಿಲ್ಲ. ಅಷ್ಟಕ್ಕೇ ಒಂದು ಗೆರೆ ಎಳೆದು, ‘ಮೊದಲ ಭಾಗ ಮುಗಿಯಿತು’ ಎಂದು ಅಚ್ಚು ಹಾಕಿಬಿಟ್ಟಿದ್ದಾರೆ ಪುಣ್ಯಾತ್ಮರು.

ಪ್ರಭಾವತಿ ಅದನ್ನು ಓದಿದ್ದು ಮುಂಬಯಿ ಹತ್ತಿರದ ಡೊಂಬಿವಲಿಯ ಒಂದೇ ಕೋಣೆಯ ಮನೆಯಲ್ಲಿ. ಗಂಡ ಭೋಜರಾಜರು ಹೋಟೆಲಿನ ಕೆಲಸಕ್ಕೆ ಬೆಳಗಾಗುವ ಮೊದಲೇ ಹೋದರೆ ಊರು ಮಲಗಿದ ಮೇಲೆ ಬರುವವರು. ಮಗ ಉಲ್ಲಾಸನಿಗೆ ಆಗ ವರ್ಷ ತುಂಬಿತ್ತಷ್ಟೆ. ಒಂದು ದಿನ ಅವನಿಗೂ ಜ್ವರ ಏರಿತು. ಔಷಧಿ ಕುಡಿಸಿಯಾಗಿತ್ತು, ಇನ್ನು ಇಳಿಯುವುದನ್ನು ಕಾಯಬೇಕು. ಕಾಯುವುದು ಹೇಗೆ? ಮಗುವಿನ ಹಣೆ ಮುಟ್ಟಿ ಒಂದು ಪುಟ, ಬಟ್ಟೆ ಒದ್ದೆ ಮಾಡಿ ಇನ್ನೊಂದು ಪುಟ ಎಂದು ಓದುತ್ತ ಕೂತರು. ಪುಸ್ತಕ ಮುಗಿಯುವಷ್ಟರಲ್ಲಿ ಉಲ್ಲಾಸನ ಮೈ ಬೆವೆತು ತಣ್ಣಗಾಯಿತು. ಅವನು ಎದ್ದು ಕೂತು ಬಿಸ್ಕತ್ತಿನ ಡಬ್ಬದ ಕಡೆ ಕೈ ತೋರಿಸಿದ. ತನ್ನ ಮಗು ಈಚೆ ದಡಕ್ಕೆ ಬಂತು, ಗಂಗುವಿನ ಮಗು ಅಲ್ಲೇ ಉಳಿಯಿತು ಎಂದು ಪ್ರಭಾವತಿಗೆ ಅನ್ನಿಸಿದ್ದು ಆಗಲೇ. ಅನ್ನಿಸಿದ್ದು ಮತ್ತೆ ಹೋಗಲಿಲ್ಲ.

ಎರಡನೆಯ ಭಾಗವನ್ನು ಅವರು ಹುಡುಕದ ಜಾಗವಿಲ್ಲ. ಕನ್ನಡ ಸಂಘದ ಕಪಾಟು, ಮುಂಬಯಿಯ ಫುಟ್‌ಪಾತು, ರಜೆಗೆ ಊರಿಗೆ ಬಂದಾಗ ಕುಂದಾಪುರದ ಅಂಗಡಿಗಳು. ಅದು ಸಿಗಲಿಲ್ಲ. ಬದಲಿಗೆ ಬೇರೆ ಪುಸ್ತಕಗಳು ಸಿಕ್ಕುತ್ತ ಹೋದವು. ಹುಡುಕಲು ಹೋದವರು ಬರಿಗೈಯಲ್ಲಿ ಬರುವುದು ಹೇಗೆಂದು ಒಂದೊಂದನ್ನು ತಂದು ತಂದು, ಊರಿಗೆ ಮರಳುವಾಗ ಪಾತ್ರೆಗಿಂತ ಪುಸ್ತಕದ ಪೆಟ್ಟಿಗೆಯೇ ಹೆಚ್ಚಾಯಿತು.

“ಎಲ್ರೂ ಬೊಂಬಾಯಿಂದ ಬಂಗಾರ ತಂದ್ರ್, ನಮ್ಮನಿಯವ್ಳ್ ರದ್ದಿ ತಂದ್ಳ್,” ಎಂದು ಭೋಜರಾಜರು ಬಂದವರೆದುರು ತಮಾಷೆ ಮಾಡುತ್ತಿದ್ದರು. ಈಗ ಅವರು ಹೆದ್ದಾರಿ ಬದಿಯ ಮಗನ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾರೆ. ತಮಾಷೆ ಮಾಡಲು ಅಲ್ಲಿ ಜನರಿಗೇನೂ ಕಡಿಮೆಯಿಲ್ಲ.

ಆ ರದ್ದಿಯ ಮೇಲೆ ನಿಜವಾಗಿ ಕಣ್ಣಿಟ್ಟವಳು ಸೊಸೆ ಅಕ್ಷಿತಾ. ಅವಳು ಬೆಂಗಳೂರಿನಲ್ಲಿ ಹುಟ್ಟಿ ಓದಿದವಳು. ಮಗಳು ಮೋಕ್ಷಿತಾಗೆ ಎರಡು ತುಂಬುತ್ತಿತ್ತು. ಮಗು ಸೀನಿದರೆ ಅಕ್ಷಿತಾಗೆ ಎದೆ ಹಾರುತ್ತಿತ್ತು, ಸೀನದಿದ್ದರೆ ಮೂಗು ಕಟ್ಟಿರಬಹುದೇ ಎಂದು ಚಿಂತೆಯಾಗುತ್ತಿತ್ತು. ಪುಸ್ತಕದ ಕಪಾಟಿನಲ್ಲಿ ನುಸಿಗುಳಿಗೆ ಕಂಡ ದಿನ ಅವಳು ಕೂಗಿದ್ದು ಪಕ್ಕದ ಗದ್ದೆಯವರಿಗೂ ಕೇಳಿತು.

“ಅತ್ತೆ! ಇದನ್ನ ಪೆಪ್ಪರ್‌ಮಿಂಟು ಅಂದ್ಕೊಂಡು ಬಾಯಿಗೆ ಹಾಕ್ಕೊಂಡ್ರೆ ಏನ್ ಗತಿ?”

“ಕಪಾಟಿನ್ ಮೇಲಿನ್ ಹಲ್ಗಿಗೆ ಅದ್ರ್ ಕೈ ಎಟ್ಕತ್ತಾ ಮಾರಾಯ್ತಿ?”

“ಇವತ್ತು ಎಟಕಲ್ಲ. ನಾಳೆ?”

ಬಿಸ್ಕತ್ತಿನ ಡಬ್ಬ ಎಟುಕದ ಮಗು ಮರುದಿನ ಅದನ್ನು ಎಟುಕಿಸಿಕೊಂಡದ್ದನ್ನು ಪ್ರಭಾವತಿಯವರೂ ಕಂಡವರೇ. ನುಸಿಗುಳಿಗೆ ಆ ದಿನವೇ ಹೊರಗೆ ಹೋಯಿತು. ಪುಸ್ತಕಗಳನ್ನು ಬಿಸಿಲಿಗೆ ಹರಡಿದ್ದಾಯಿತು. ಹರಡಿದ ಮೇಲೆ ಅಕ್ಷಿತಾ ಫೋನು ಹಿಡಿದುಕೊಂಡು ಬಂದಳು. ಮನೆಮನೆಯ ಪುಸ್ತಕಗಳನ್ನು ಪಟ್ಟಿ ಮಾಡಿ ಹಾಕುವ ‘ನನ್ನ ಕಪಾಟು’ ಎಂಬ ತಾಣವೊಂದಿದೆಯಂತೆ. ಒಂದೊಂದರ ಫೋಟೋ ತೆಗೆದು ಏರಿಸಿದರೆ ಯಾರು ಬೇಕಾದರೂ ನೋಡಬಹುದು, ಅವರ ಕಪಾಟನ್ನು ನಾವೂ ನೋಡಬಹುದು, ಪುಸ್ತಕದ ಕೆಳಗೆ ನಾಲ್ಕು ಮಾತು ಬರೆಯಬಹುದು. ಎರಡೆರಡು ಪ್ರತಿ ಇರುವುದನ್ನು ಕೇಳಿದವರಿಗೆ ಕೊಟ್ಟರೆ ಧೂಳಾದರೂ ಕಡಿಮೆಯಾದೀತು ಎಂಬುದು ಅವಳ ಲೆಕ್ಕ.

“ನಮ್ಮನಿ ಕಪಾಟ್ ಊರೆಲ್ಲ ಕಾಂಬುದಾ? ನಾಳಿಗ್ ಯಾರಾರೂ ಅದ್ ಕೊಡಿ, ಇದ್ ಕೊಡಿ ಅಂದ್ರೆ?”

“ಇಲ್ಲ ಅಂದ್ರಾಯ್ತು ಅತ್ತೆ.”

“ಹೌದಲೆ. ಮುಖ ಕಾಣ್ದೆ ಇಲ್ಲ ಅಂಬುದ್ ಸುಲ್ಭವೇ.”

ಮಗು ಮಲಗಿದ ಮಧ್ಯಾಹ್ನಗಳಲ್ಲಿ ಅತ್ತೆ ಒರೆಸಿ ಕೊಡುವುದು, ಸೊಸೆ ಫೋಟೋ ತೆಗೆಯುವುದು ಎಂದು ಕೆಲಸ ನಡೆಯಿತು. ಧೂಳು ಕಡಿಮೆ ಮಾಡಲು ಹೊರಟವಳು ನಡುನಡುವೆ “ಇದ್ರಲ್ಲೇನಿದೆ ಅತ್ತೆ?” ಎಂದು ಕೇಳತೊಡಗಿದಳು. ಕೇಳಿದ್ದೇ ತಡ, ಪ್ರಭಾವತಿ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಕತೆ ಶುರು ಮಾಡುವರು. ಹಾಗಾಗಿ ದಿನಕ್ಕೆ ನಾಲ್ಕೈದು ಪುಸ್ತಕಕ್ಕಿಂತ ಹೆಚ್ಚು ಏರುತ್ತಿರಲಿಲ್ಲ.

‘ಗಂಗುವಿನ ಕಡವು’ ಕೈಗೆ ಬಂದ ದಿನ ಅಕ್ಷಿತಾ ಕತೆಯನ್ನು ಪೂರ್ತಿ ಕೇಳಿದಳು. ದೋಣಿ ಆಚೆ ದಡದಲ್ಲಿ ನಿಂತಿತು. ಅವಳ ಫೋನು ತೊಡೆಯ ಮೇಲೆ ಹಾಗೆಯೇ ಇತ್ತು.

“ಆಮೇಲೆ?”

“ಆಮೇಲಿಂದ್ ಎರಡ್ನೇ ಭಾಗದಲ್ ಇತ್ತ್. ಅದ್ ನಂಗ್ ಸಿಕ್ಲಿಲ್ಲ.”

“ಅಂದ್ರೆ ಮಗು ಉಳೀತೋ ಇಲ್ವೋ ನಿಮಗೆ ಗೊತ್ತಿಲ್ವಾ? ಇಷ್ಟು ವರ್ಷ ಹೇಗಿದ್ರಿ ಅತ್ತೆ?”

ಹೇಗಿದ್ದಿರಿ ಎಂದು ಪ್ರಭಾವತಿಯವರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಉಲ್ಲಾಸನಿಗೆ ಕತೆ ಹೇಳುವಾಗ ದೋಣಿ ಬಂತು ಎಂದೇ ಹೇಳುತ್ತಿದ್ದೆ, ಆದರೆ ನಾನೇ ಬರಿಸಿದ ದೋಣಿಯ ಮೇಲೆ ನನಗೇ ನಂಬಿಕೆ ಬರಲಿಲ್ಲ ಎಂದರು. ಅಕ್ಷಿತಾ ಎದ್ದು ಹೋಗಿ ಮಲಗಿದ್ದ ಮಗಳ ಹಣೆ ಮುಟ್ಟಿ ನೋಡಿ ಬಂದಳು. ಬಂದವಳೇ ಪುಸ್ತಕದ ಫೋಟೋದ ಕೆಳಗೆ ಬರೆದಳು: ‘ಎರಡನೆಯ ಭಾಗ ಯಾರ ಬಳಿಯಾದರೂ ಇದೆಯೇ? ದಯವಿಟ್ಟು ತಿಳಿಸಿ.’

ಮಳೆಗಾಲ ಕಳೆಯಿತು. ತಾಣದ ‘ಈ ಪುಸ್ತಕ ಓದಿದವರು’ ಎಂಬ ಪಟ್ಟಿಯಲ್ಲಿ ಪ್ರಭಾವತಿಯವರೊಬ್ಬರೇ ಇದ್ದರು. ದಿನಾ ಬೆಳಿಗ್ಗೆ ಚಾ ಲೋಟ ಹಿಡಿದು, “ಯಾರಾರೂ ಬಂದ್ರಾ?” ಎಂದು ಕೇಳುವುದು ಅವರಿಗೆ ರೂಢಿಯಾಯಿತು. ಮನೆಗೆ ನೆಂಟರು ಬಂದರೋ ಎಂದು ಕೇಳುವ ಹಾಗೆ.

ಕಡೆಗೊಂದು ದಿನ ಬಂದರು. ದಾಸವಾಳದ ಚಿತ್ರ ಹಾಕಿಕೊಂಡ ರಾಜೀವಿ ಎಂಬವರು. ಊರು ಯಾವುದೆಂದಿಲ್ಲ. ಒಂದೇ ಸಾಲು ಬರೆದಿದ್ದರು: ‘ಎರಡನೆಯ ಭಾಗ ನನ್ನಲ್ಲಿ ಇತ್ತು.’

ಅಕ್ಷಿತಾ ಅದನ್ನು ಎರಡು ಸಲ ಓದಿ, ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದಳು. “ಅತ್ತೆ, ಒಬ್ಬರು ಬರೆದಿದ್ದಾರೆ. ಮೊದಲು ಅವರ ಹತ್ರ ಇತ್ತಂತೆ. ಈಗಿಲ್ಲ.”

“ಇಲ್ಯಾ,” ಎಂದರು ಪ್ರಭಾವತಿ. ಮೀನಿನ ಸಾರಿಗೆ ಹುಳಿ ಬಿಟ್ಟಿದ್ದರು, ಇನ್ನೊಂದು ಸಲ ಬಿಟ್ಟರು. “ಇರ್ಲಿ. ಅವ್ರಿಗ್ ಉಪ್ಕಾರ ಆಯ್ತ್ ಅಂತ ಹೇಳ್.”

‘ಪರವಾಗಿಲ್ಲ, ಧನ್ಯವಾದಗಳು’ ಎಂದು ಅಕ್ಷಿತಾ ಬರೆದಳು. ಆ ದಿನದ ಸಾರನ್ನು ಯಾರಿಗೂ ಉಣ್ಣಲಾಗಲಿಲ್ಲ. ಮರುದಿನದಿಂದ ಪ್ರಭಾವತಿ “ಯಾರಾರೂ ಬಂದ್ರಾ” ಎಂದು ಕೇಳುವುದನ್ನೂ ಬಿಟ್ಟರು. ಸಿಗಲಿಲ್ಲ ಎನ್ನುವುದು ಬೇರೆ, ಒಂದು ಕಾಲಕ್ಕೆ ಯಾರದೋ ಮನೆಯಲ್ಲಿತ್ತು, ಈಗ ಅಲ್ಲಿಯೂ ಇಲ್ಲ ಎನ್ನುವುದು ಬೇರೆ.

ವಾರ ಕಳೆದಿರಬೇಕು. ಮಗುವಿಗೆ ಅನ್ನ ತಿನ್ನಿಸುತ್ತಿದ್ದ ಅಕ್ಷಿತಾ ಫೋನು ನೋಡಿ ಮುಖ ಸಣ್ಣದು ಮಾಡಿದಳು.

“ಅತ್ತೆ, ಆ ರಾಜೀವಿ ನಿಮ್ಮ ಅಡುಗೆ ಪುಸ್ತಕದ ಕೆಳಗೂ ಬರೆದಿದ್ದಾರೆ. ‘ಈ ಪುಸ್ತಕ ನನ್ನ ಮನೆಯಲ್ಲಿಯೂ ಇತ್ತು. ನಿನ್ನೆ ಇದನ್ನೇ ಕಂಡು ಕಡುಬು ಮಾಡಿದೆ.’ ಪಾಪ, ಎಲ್ಲಾ ಪುಸ್ತಕಾನೂ ‘ಇತ್ತು’ ಅಂತಾರೆ. ನೆರೆಯಲ್ಲಿ ಹೋಯ್ತೋ, ಮನೆಗೇ ಏನಾದ್ರೂ ಆಯ್ತೋ! ಕೇಳೋದಾದ್ರೂ ಹೇಗೆ?”

ಬಸಳೆ ಸೋಸುತ್ತಿದ್ದ ಪ್ರಭಾವತಿ ತಲೆ ಎತ್ತಿದರು.

“ಕಡ್ಬ್ ಮಾಡದ್ದ್ ಯಾವತ್ತ್?”

“ನಿನ್ನೆ.”

“ಎಂತ ಕಂಡ್?”

“ಪುಸ್ತಕ ಕಂಡು…” ಅಕ್ಷಿತಾ ಅಲ್ಲಿಗೇ ನಿಂತಳು.

“ನಿನ್ನೆ ಕಂಡ ಪುಸ್ತಕ ಇವತ್ತ್ ಎಲ್ಲಿಗ್ ಹೋಪುದ್? ಮನಿಯಲ್ಲೇ ಇತ್ತ್! ಅಯ್ಯೋ ಮಾರಾಯ್ತಿ, ಅವ್ಳ್ ನಮ್ಮ್ ಊರ್ ಬದಿಯವ್ಳ್. ‘ನೋಡಿ’ ಅನ್ಲಿಲ್ಲ, ‘ಕಂಡು’ ಅಂದಳ್ ಕಾಣ್. ನಮ್ಮಲ್ ‘ಇತ್ತ್’ ಅಂದ್ರೆ ಈಗ ಇತ್ತ್. ಇದ್ದದ್ದ್ ಹೋದ್ರೆ ‘ಇದ್ದಿತ್’ ಅಂಬುದ್. ಬರ್ದದ್ದ್ ಚಂದ ಕಾಣ್ಲಿ ಅಂದೇಳಿ ಪಾಪ ಒಂದ್ ಕೊಂಬ್ ಕೊಟ್ಟಿತ್!”

ಅಕ್ಷಿತಾ ತುತ್ತು ಹಿಡಿದ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಅನ್ನ ಇತ್ತ್, ಉಣ್ಣ್. ನೀರ್ ಬಿಸಿ ಇತ್ತ್, ಮೀಯ್. ಮದುವೆಯಾಗಿ ಬಂದಂದಿನಿಂದ ದಿನಕ್ಕೆ ನೂರು ಸಲ ಕಿವಿಗೆ ಬಿದ್ದ ಮಾತು. ಅಕ್ಷರದಲ್ಲಿ ಕಂಡಾಗ ಮಾತ್ರ ಅದು ಶಾಲೆಯ ಪುಸ್ತಕದ ‘ಇತ್ತು’ ಆಗಿಬಿಟ್ಟಿತ್ತು.

ಅಕ್ಷಿತಾ ತನ್ನ ನಂಬರು ಬರೆದು ಕಳಿಸಿ ಮುಗಿಸುವಷ್ಟರಲ್ಲಿ ಫೋನೇ ಬಂತು.

“ಹ್ವಾಯ್, ‘ಪರವಾಗಿಲ್ಲ’ ಅಂದದ್ದ್ ನೀವೇಯಾ?” ಎಂದಿತು ಆ ಕಡೆಯ ದನಿ. “ಪುಸ್ತಕ ಇತ್ತ್ ಅಂದ್ರೆ ಪರವಾಗಿಲ್ಲ ಅಂಬ ಜನ ನಾನ್ ಕಾಣ್ಲೇ ಇಲ್ಲ! ಬ್ಯಾಡದಿದ್ರೆ ಕೇಳುದೆಂತಕ್ಕೆ ಅಂತ ನಂಗ್ ಸಿಟ್ಟೇ ಬಂದಿತ್.”

ರಾಜೀವಿಯ ಮನೆ ವಂಡ್ಸೆಯಲ್ಲಿ. ಹೆಮ್ಮಾಡಿಯಿಂದ ಕೊಲ್ಲೂರು ರಸ್ತೆ ಹಿಡಿದರೆ ಚಾ ಆರುವುದರೊಳಗೆ ಹೋಗಬಹುದಾದ ದೂರ. ಗಂಡ, ಮುತ್ತ ಎಂಬವರು, ಗಂಗೊಳ್ಳಿ ಬಂದರಿನಿಂದ ಮೀನು ತಂದು ಆ ಕಡೆಯ ಊರುಗಳಲ್ಲಿ ಮಾರುವವರು. ಬಾಡಿಗೆಗಿದ್ದ ಮೇಷ್ಟರೊಬ್ಬರು ವರ್ಗವಾಗಿ ಹೋಗುವಾಗ ಬಿಟ್ಟುಹೋದ ಪುಸ್ತಕಗಳೇ ರಾಜೀವಿಯ ಕಪಾಟಿನ ಮೂಲಧನ.

ಪ್ರಭಾವತಿ ಸೊಸೆಯ ಕೈಯಿಂದ ಫೋನು ತೆಗೆದುಕೊಂಡರು. “ಅದ್ರಲ್ಲಿ ಗಂಗುವಿನ್ ಮಗು… ಅದ್ ಉಳೀತಾ?”

“ನಂಗ್ ಹ್ಯಾಂಗ್ ಗೊತ್ತಕ್ಕ? ನಾನ್ ಓದ್ಲೇ ಇಲ್ಲ. ಮೊದ್ಲನೇ ಭಾಗ ಇಲ್ದೆ ಎರಡ್ನೇದ್ ಓದುದಂದ್ರೆ ತಲೆ ಕೊಯ್ದ್ ಮೀನ್ ತಕಂಡಂಗೆ, ಯಾವ್ ಮೀನ್ ಅಂತ್ಲೇ ಗೊತ್ತಾತಿಲ್ಲೆ. ಈಗ್ಲೇ ತೆಗ್ದ್ ಕಂಡ್ ಹೇಳ್ಲಾ?”

“ಬ್ಯಾಡ! ಬ್ಯಾಡ! ತೆಗಿಬ್ಯಾಡಿ, ನಾವೇ ಬತ್ತ್,” ಎಂದು ಪ್ರಭಾವತಿ ಫೋನು ಇಟ್ಟೇಬಿಟ್ಟರು. ಇಷ್ಟು ವರ್ಷ ತಿಳಿಯಬೇಕೆಂದು ಹಂಬಲಿಸಿದವರಿಗೆ ಈಗ ತಿಳಿಯುವುದೇ ಹೆದರಿಕೆಯಾಗಿತ್ತು. ತಿಳಿಯದಿದ್ದಷ್ಟು ದಿನ ಆ ಮಗು ಅಮ್ಮನ ಹೆಗಲ ಮೇಲೆ ಉಸಿರಾಡುತ್ತಲಾದರೂ ಇತ್ತಲ್ಲ.

ಮರುದಿನ ಹೊರಟರು. ಅಷ್ಟು ಸಣ್ಣ ದಾರಿಗೆ ಅಕ್ಷಿತಾ ಥರ್ಮಾಮೀಟರು, ಬಿಸಿನೀರಿನ ಫ್ಲಾಸ್ಕು, ಮಗುವಿನ ಮೂರು ಜೊತೆ ಬಟ್ಟೆ ತುಂಬಿಕೊಂಡಳು. ಪ್ರಭಾವತಿ ಮೊದಲ ಭಾಗವನ್ನು ಹಳೆಯ ಮಗ್ಗದ ಸೀರೆಯ ತುಂಡಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡರು.

ರಾಜೀವಿ ಅಂಗಳದಲ್ಲೇ ಕಾಯುತ್ತಿದ್ದಳು. “ಬನ್ನಿ, ಕೂಕಣಿ. ಮೊದ್ಲ್ ಚಾ ಕುಡಿನಿ, ಪುಸ್ತಕ ಎಲ್ಲೂ ಹೋತಿಲ್ಲೆ,” ಎಂದು ನಗುತ್ತ ಎರಡನೆಯ ಭಾಗವನ್ನು ಚಾ ತಟ್ಟೆಯ ಪಕ್ಕದಲ್ಲೇ ತಂದಿಟ್ಟಳು. ತೆಳ್ಳಗಿನ ಪುಸ್ತಕ. ಅಂಚನ್ನು ಇಲಿ ಕಡಿದಿತ್ತು. ಪ್ರಭಾವತಿ ಅದನ್ನು ಮುಟ್ಟಿದರು, ತೆರೆಯಲಿಲ್ಲ. ಚಾ ಕೆನೆ ಕಟ್ಟಿತು.

ಅಕ್ಷಿತಾ ಮಗಳನ್ನು ಎದೆಗೆ ಒತ್ತಿಕೊಂಡು ಜಗಲಿಯ ಇನ್ನೊಂದು ತುದಿಗೆ ಸರಿದಳು. “ಅತ್ತೆ, ಏನಾದ್ರೂ ಆಗಿದ್ರೆ ನಂಗೆ ಹೇಳ್ಬೇಡಿ. ಸುಮ್ನೆ ಮುಚ್ಚಿಬಿಡಿ. ನಾನು ಏನೂ ಕೇಳಲ್ಲ.”

ಸೊಸೆಯ ಮುಖ ಕಂಡ ಮೇಲೆ ಪ್ರಭಾವತಿಯವರಿಗೆ ಎಲ್ಲಿಂದಲೋ ಧೈರ್ಯ ಬಂತು. ಇಬ್ಬರೂ ಹೆದರಿ ಕೂತರೆ ಆಗುವ ಕೆಲಸವಲ್ಲ ಇದು. ಕನ್ನಡಕ ಏರಿಸಿ ಮೊದಲ ಪುಟ ತೆಗೆದರು. ತುಟಿ ಅಲ್ಲಾಡಿಸುತ್ತ ಓದಿದರು. ಕಡವಿಲ್ಲ, ಹೊಳೆಯಿಲ್ಲ, ಆ ದಿನದ ಸುದ್ದಿಯೇ ಇಲ್ಲ. ಬಾವಿಕಟ್ಟೆಯ ಮೇಲೊಬ್ಬಳು ಹುಡುಗಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದಾಳೆ. ಹದಿನಾರರ ಪ್ರಾಯ. ಸುಟ್ಟ ಮೆಣಸಿನ ಚಟ್ನಿಯಿಲ್ಲದೆ ಗಂಜಿ ಉಣ್ಣುವುದೇ ಇಲ್ಲವೆಂದು ತಾಯಿ ಗಂಗುವಿನ ಮೇಲೆ ಮೂತಿ ಉಬ್ಬಿಸಿಕೊಂಡಿದ್ದಾಳೆ. ದೋಣಿ ಯಾವಾಗ ಬಂತು, ಯಾರು ಬರಿಸಿದರು, ಜ್ವರ ಹೇಗೆ ಇಳಿಯಿತು, ಬರೆದವರು ಒಂದು ಮಾತು ಹೇಳುವ ಗೋಜಿಗೇ ಹೋಗಿರಲಿಲ್ಲ.

“ಎಲಾ ಇದ್ರ!” ಎಂದರು ಪ್ರಭಾವತಿ. ಕಣ್ಣು ತುಂಬಿ ಅಕ್ಷರ ಕಲಸಿಹೋಗಿತ್ತು. ಪುಟದೊಳಗಿನ ಹುಡುಗಿಯನ್ನೇ ಗದರಿದರು: “ಇಲ್ಲಿ ನಾನ್ ನಿನ್ ಚಿಂತೆಲ್ ಮುದ್ಕಿ ಆದೆ, ನಿಂಗ್ ಗಂಜಿಗ್ ಚಟ್ನಿ ಬೇಕಾ? ಸುಮ್ನೆ ಉಣ್ಣ್!”

ಅಕ್ಷಿತಾ ಜಗಲಿಯ ತುದಿಯಿಂದ ಓಡಿಬಂದು ಅತ್ತೆಯ ಪಕ್ಕದಲ್ಲೇ ಕುಸಿದು ಕೂತಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯದು. ನಡುವೆ ಸಿಕ್ಕಿಕೊಂಡ ಮೋಕ್ಷಿತಾ ಇಬ್ಬರನ್ನೂ ಕೈಕಾಲಿನಿಂದ ನೂಕಿದಳು.

“ಥೋ, ಎಂತ ಮಾಡಿದ್ರಿ ಅಕ್ಕ!” ರಾಜೀವಿ ಸೊಂಟಕ್ಕೆ ಕೈಯಿಟ್ಟಳು. “ನಾನ್ ಇನ್ನ್ ಮೊದ್ಲನೇ ಭಾಗ ಓದುಕಿತ್ತ್. ಮಗು ಉಳೀತ್ ಅಂತ ಈಗ್ಲೇ ಗೊತ್ತಾದ್ರೆ ಅದ್ರಲ್ ಎಂತ ಉಳೀತ್ ನಂಗೆ?”

ಪ್ರಭಾವತಿ ಸೀರೆಯ ತುಂಡನ್ನು ಬಿಚ್ಚಿ, ಮೊದಲ ಭಾಗವನ್ನು ಎರಡೂ ಕೈಯಲ್ಲಿ ಅವಳಿಗೆ ಕೊಟ್ಟರು.

“ಒಳ್ಳೇದೇ ಆಯ್ತ್ ಬಿಡಿ. ಗೊತ್ತಾಯ್ತಲೆ, ನೀವ್ ಹೊಟ್ಟಿ ತುಂಬ ಉಂಡ್, ಕಣ್ಣ್ ತುಂಬ ಮಲ್ಗಿ, ನಿಧಾನಕ್ಕ್ ಓದಿ.”