ನೆಂಟರಿಗೆಂದು ತುಂಬಿಸಿದ ನೀರು

ಮುನಿಯಮ್ಮಕ್ಕ, ನಿಮ್ಮೂರಿನ ಬೋರ್‌ವೆಲ್ ನೀರು ಕುಡಿಯಬಹುದು ಎಂದು ನಾನು ಬರೆದುಕೊಟ್ಟದ್ದು ಸುಳ್ಳು. ಬರೆಯುವಾಗಲೇ ಅದು ನನಗೆ ಗೊತ್ತಿತ್ತು.

ಏಳೆಂಟು ವರ್ಷದ ಹಿಂದೆ ನಾನು ಕೋಲಾರದ ಒಂದು ಖಾಸಗಿ ಲ್ಯಾಬಿನಲ್ಲಿದ್ದೆ. ಗೌನಿಪಲ್ಲಿ ಕಡೆಯ ನಿಮ್ಮೂರಿನ ಬೋರ್‌ವೆಲ್‌ಗಳಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಸರಾಸರಿ ಮಿತಿಯೊಳಗೇ ಇದೆ ಎಂದು ಮೇಲಿನವರು ಆಗಲೇ ಹೇಳಿಬಿಟ್ಟಿದ್ದರು. ಆ ಮಾತು ನಿಜವೇ ಎಂದು ಆರೇ ಆರು ಬಾಟಲಿ ನೀರಿನಿಂದ ನೋಡಬೇಕಿತ್ತು. ನಿಜವಲ್ಲದಿದ್ದರೆ ನಿಮಗೆ ಶುದ್ಧ ನೀರಿನ ಘಟಕ ಬರುತ್ತಿತ್ತು. ಒಂದೊಂದು ಬೋರಿನ ಹತ್ತಿರವೂ ನಾನೇ ಹೋಗಿ ನೀರು ಹಿಡಿಯಬೇಕಿತ್ತು. ಹೋಗಲಿಲ್ಲ. ಬಿಸಿಲೆಂದು ನಿಮ್ಮ ಜಗಲಿಯಲ್ಲಿ ಕುಳಿತು, ಬಾಟಲಿಗಳನ್ನು ನಿಮ್ಮ ಕೈಗೇ ಕೊಟ್ಟೆ.

ತುಂಬಿಸಿ ತಂದು ಎಷ್ಟು ಸಂಭ್ರಮದಿಂದ ಹೇಳಿದಿರಿ! "ಊರಿಗೆ ಬಂದೋರಿಗೆ ಬೋರ್ ನೀರು ಕೊಡ್ತೀವಾ ಸಾರ್? ತೋಪಿನ ಬಾವೀಲಿ ಸೇದಿದ ಸಿಹಿನೀರು ಇದು, ತಗೊಂಡ್ಹೋಗಿ."

ಆರರಲ್ಲಿ ಐದು ಬಾಟಲಿ ಆ ಒಂದೇ ಬಾವಿಯದು. ಅಲ್ಲೇ ಚೆಲ್ಲಬೇಕಿತ್ತು — ಬಸ್ಸಿನ ಹೊತ್ತಾಗಿತ್ತು, ಹಾಗೇ ಚೀಲಕ್ಕೆ ಹಾಕಿಕೊಂಡೆ. ಆರನೆಯದನ್ನು ಮಾತ್ರ ಪಕ್ಕದ ಮನೆಯ ವೆಂಕಟಪ್ಪನವರು ಬೋರಿನಿಂದಲೇ ಹಿಡಿದು ತಂದಿದ್ದರು.

ಲ್ಯಾಬಿನಲ್ಲಿ ಆ ಐದರ ಅಂಕಿಗಳೂ ಕಡಿಮೆ, ಎಲ್ಲವೂ ಹೆಚ್ಚುಕಮ್ಮಿ ಒಂದೇ. ಐದು ಬೋರಿನ ನೀರು ಹಾಗೆ ಬರುವುದೇ ಇಲ್ಲ. ವೆಂಕಟಪ್ಪನವರದು ಮಿತಿಗಿಂತ ಎಷ್ಟೋ ಮೇಲಿತ್ತು. ಅದೊಂದೇ ನಿಜ — ಅದನ್ನೇ, ಬಾಟಲಿ ಕೊಳಕಾಗಿತ್ತೆಂದು ತೆಗೆದುಹಾಕಿದೆ. ಉಳಿದ ಐದರ ಸರಾಸರಿ ಮೇಲಿನವರು ಹೇಳಿದಂತೆಯೇ ಬಂತು. ಘಟಕ ಬೇರೆ ಊರಿಗೆ ಹೋಯಿತು.

ಹೋದ ವಾರ ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ಮೊಮ್ಮಗಳು ಸುಧಾ ಗುರುತು ಹಿಡಿದು ಮಾತಾಡಿಸಿದಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ, ಹಲ್ಲೆಲ್ಲ ಕಂದುಗಟ್ಟಿವೆ. ನಿಮಗೆ ಮಂಡಿ ಮಡಿಸಲೂ ಆಗುವುದಿಲ್ಲವಂತೆ. ಅವಳು ಸುಮ್ಮನೆ, ಕೋಪವೇ ಇಲ್ಲದೆ ಹೇಳಿದಳು: "ಬೋರ್ ನೀರು ಚೆನ್ನಾಗಿದೆ ಅಂತ ನೀವೇ ಹೇಳಿದ್ರಂತಲ್ಲ ಸಾರ್. ಆಮೇಲೆ ನಾವು ಬಾವಿಗೆ ಹೋಗೋದೇ ಬಿಟ್ವಿ."

ಅಯ್ಯೋ — ಇದ್ದ ಒಂದು ಒಳ್ಳೆಯ ನೀರನ್ನೂ ನಾನೇ ಬಿಡಿಸಿದೆನಲ್ಲ! ಅಂದಿನಿಂದ ಮನೆಯ ನಲ್ಲಿ ತಿರುಗಿಸಲೂ ಭಯ. ನಿಮ್ಮ ಬೀದಿಯಲ್ಲಿ ಇನ್ನೆಷ್ಟು ಮಕ್ಕಳೋ...

ನಾಳೆ ಬರುತ್ತೇನೆ, ಖಾಲಿ ಬಾಟಲಿಗಳ ಜೊತೆ. ಒಂದೊಂದು ಬೋರಿಗೂ ನಾನೇ ನಡೆಯುತ್ತೇನೆ. ಈ ಕಾಗದವನ್ನು ಊರವರ ಮುಂದೆ ಓದುತ್ತೇನೆ. ಹೊಡೆಯುತ್ತಾರೇನೋ ಎಂಬ ಭಯವಿದೆ. ನೀವು ಎಂದಿನಂತೆ ಕೂರಿಸಿ ಚೊಂಬು ತಂದುಬಿಟ್ಟರೆ ಎಂಬ ಭಯ ಅದಕ್ಕಿಂತ ದೊಡ್ಡದು.

ತಂದರೆ, ಅಕ್ಕ, ಬಾವಿಯದು ಬೇಡ. ಸುಧಾ ಕುಡಿಯುವ ನೀರನ್ನೇ ನನಗೂ ಕೊಡಿ.